ಬಿಟ್ಟಿ ಚಾಕರಿ ಅಲ್ಲ ಸ್ವಾಮಿ, ಮುಯ್ಯಿ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸಿಟ್ಟು ಬಂದಿರಲಿಲ್ಲ ಅಷ್ಟೆ. ಈಗ ಬಂದಿದೆ. ಹಾಗಾಗಿ ಇದು ಸ್ವಲ್ಪ ಉದ್ದ, ಸ್ವಲ್ಪ ಖಾರ. ಕಾಫಿ ಹಿಡ್ಕೊಂಡೇ ಕೂತ್ಕೊಳ್ಳಿ.

ನಾನಿರೋದು ಬಾಸ್ಟನ್ ಹತ್ತಿರ. ಇಲ್ಲಿಂದ ಉತ್ತರಕ್ಕೆ ಎರಡು-ಎರಡೂವರೆ ಗಂಟೆ ಕಾರು ಓಡಿಸಿದ್ರೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಮೌಂಟನ್ಸ್ ಬೆಟ್ಟಸಾಲು ಸಿಗುತ್ತೆ. ಚಳಿಗಾಲದಲ್ಲಿ ತಿಂಗಳಿಗೊಂದು ಶನಿವಾರ ಅಲ್ಲಿಗೆ ಹೋಗಿ, ಕಾಲಿಗೆ ಸ್ನೋಶೂ ಕಟ್ಕೊಂಡು, ಕಾಲುದಾರಿ ರಿಪೇರಿ ಮಾಡೋ ವಾಲಂಟಿಯರ್ ತಂಡದ ಜೊತೆ ಕೆಲಸ ಮಾಡ್ತೀನಿ. ನಮ್ಮ ಕನ್ನಡದ ಹುಡುಗ ಹುಡುಗಿಯರದ್ದೇ ಒಂದು ಚಾರಣದ ವಾಟ್ಸ್ಯಾಪ್ ಗುಂಪಿದೆ. ಕಳೆದ ವಾರ ಅದರಲ್ಲಿ "ಇನ್ನೂ ನಾಲ್ಕು ಜನ ಬೇಕು, ಯಾರಾದ್ರೂ ಬರ್ತೀರಾ?" ಅಂತ ಕೇಳಿದೆ. ನೂರಕ್ಕೂ ಹೆಚ್ಚು ಜನ ಇರೋ ಗುಂಪು. ಬಂದ ಉತ್ತರ: ಒಂದಷ್ಟು ಹೆಬ್ಬೆರಳು, ಎರಡು ಕೈಮುಗಿಯೋ ಚಿತ್ರ, "ಗ್ರೇಟ್ ಸೇವೆ ಗುರೂ, ಮುಂದುವರಿಸು" ಅನ್ನೋ ಆಶೀರ್ವಾದ, ಮತ್ತೆ ಒಬ್ಬ ಮಹಾಶಯನಿಂದ "ಬಿಟ್ಟಿ ಚಾಕರಿ ಮಾಡೋಕೆ ಅಮೆರಿಕಾಗೆ ಬರಬೇಕಿತ್ತಾ ಮಾರಾಯ?"

ಬಿಟ್ಟಿ ಚಾಕರಿ ಅಂದವನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಸೇವೆ ಅಂದವರ ಮೇಲೆ ಇದೆ. ಯಾಕೆ ಅಂತ ಹೇಳ್ತೀನಿ, ಅದಕ್ಕೆ ಮೊದಲು ಈ ಕೆಲಸ ಏನು ಅಂತ ಸ್ವಲ್ಪ ವಿವರಿಸಬೇಕು. ಹಿಮ ಬಿದ್ದ ಮೇಲೆ ದಾರಿಯಲ್ಲಿ ಮಾಡೋಕೆ ಏನಿರುತ್ತೆ, ಎಲ್ಲಾ ಮುಚ್ಚಿ ಹೋಗಿರುತ್ತಲ್ಲ ಅಂತ ಬೆಂಗಳೂರಿಂದ ಅಮ್ಮನೂ ಕೇಳ್ತಾಳೆ, ಇಲ್ಲಿನ ನನ್ನ ಮ್ಯಾನೇಜರೂ ಕೇಳ್ತಾನೆ.

ಸ್ನೋಶೂ ಅಂದ್ರೆ (ಹಿಮಪಾದುಕೆ ಅನ್ನಬಹುದೇನೋ, ಆದರೆ ಭರತ ಸಿಂಹಾಸನದ ಮೇಲೆ ಇಟ್ಟಂಗೆ ಕೇಳುತ್ತೆ :-)) ಬೂಟಿನ ಕೆಳಗೆ ಕಟ್ಟಿಕೊಳ್ಳೋ ಅಗಲವಾದ ಚೌಕಟ್ಟು. ಇಲ್ಲಿನ ಮೂಲನಿವಾಸಿಗಳು ಮರ ಬಗ್ಗಿಸಿ, ತೊಗಲಿನ ಪಟ್ಟಿ ಹೆಣೆದು ಮಾಡ್ತಿದ್ದದ್ದು. ಈಗಿನವು ಅಲ್ಯೂಮಿನಿಯಂ, ಪ್ಲಾಸ್ಟಿಕ್, ಕೆಳಗೆ ಉಕ್ಕಿನ ಹಲ್ಲು. ಕೆಲಸ ಅದೇ. ನಿಮ್ಮ ಭಾರವನ್ನ ಹೆಚ್ಚು ಜಾಗಕ್ಕೆ ಹಂಚೋದು. ಪಿಯುಸಿ ಫಿಸಿಕ್ಸು. ಬರೀ ಬೂಟಲ್ಲಿ ತೊಡೆತನಕ ಹೂತು ಹೋಗೋ ಕಡೆ ಇದನ್ನ ಹಾಕ್ಕೊಂಡ್ರೆ ಒಂದು ಗೇಣು ಇಳಿದು ನಿಲ್ಲುತ್ತೆ.

ಈಗ ಲೆಕ್ಕ ನೋಡಿ. ಅಪಲಾಚಿಯನ್ ಟ್ರೇಲ್ ಅನ್ನೋ ಎರಡು ಸಾವಿರ ಮೈಲಿಗೂ ಮೀರಿದ ದಾರಿ ಈ ಬೆಟ್ಟಗಳ ಮೇಲೇ ಹಾದು ಹೋಗುತ್ತೆ. ಆ ದಾರಿಯ ಅಕ್ಕಪಕ್ಕ ಸವರೋಕೆ ಒಂದು ಅಳತೆ ಇದೆ: 4 ಅಡಿ ಅಗಲ, 8 ಅಡಿ ಎತ್ತರ. ಬೇಸಿಗೆಯಲ್ಲಿ ರಾಜಬೀದಿ. ಫೆಬ್ರವರಿಯಲ್ಲಿ ಕಾಡೊಳಗೆ 4 ಅಡಿ ಹಿಮ ಕೂತಿದೆ ಅಂದ್ಕೊಳ್ಳಿ. ನೆಲ 4 ಅಡಿ ಮೇಲೆ ಬಂತು, ಚಾವಣಿ ಅಲ್ಲೇ ಇದೆ. ಉಳಿದದ್ದು 4 ಅಡಿ. ಅದರ ಮೇಲೆ ಸ್ಪ್ರೂಸ್, ಫರ್ ಮರಗಳ ಕೊಂಬೆ ಹಿಮದ ಭಾರಕ್ಕೆ ಜೋತು ಬಿದ್ದಿರುತ್ತೆ. ಬೇಸಿಗೆಯಲ್ಲಿ ತಲೆ ಮೇಲಿದ್ದ ಕೊಂಬೆ ಈಗ ಕಣ್ಣಿಗೆ ಚುಚ್ಚುತ್ತೆ. ಮರದ ಮೇಲೆ ಬಳಿದಿರೋ 2 ಇಂಚು ಅಗಲ 6 ಇಂಚು ಉದ್ದದ ಬಿಳಿ ಪಟ್ಟಿ, ದಾರಿ ಗುರುತು, ಮೊಣಕಾಲಿನ ಹತ್ತಿರಕ್ಕೆ ಬಂದಿರುತ್ತೆ ಅಥವಾ ಹೂತೇ ಹೋಗಿರುತ್ತೆ. ಬಿಳಿ ಹಿಮದಲ್ಲಿ ಬಿಳಿ ಪಟ್ಟಿ, ಅದೂ ಮರಕ್ಕೆ ಹಿಮ ಮೆತ್ತಿಕೊಂಡಿದ್ದಾಗ ಹುಡುಕಿ ನೋಡೋಣ. ಜನ ದಾರಿ ತಪ್ಪೋದು ಹೀಗೇ. ಮಧ್ಯಾಹ್ನ ನಾಲ್ಕೂಕಾಲಿಗೆ ಸೂರ್ಯ ಮುಳುಗೋ ಡಿಸೆಂಬರಿನಲ್ಲಿ ದಾರಿ ತಪ್ಪೋದು ತಮಾಷೆ ಅಲ್ಲ.

ಆದರೆ ಇದೇ ಹಿಮ ನಮಗೆ ಏಣಿ ಕೂಡಾ. ಬೇಸಿಗೆಯಲ್ಲಿ ಕೈಗೆಟುಕದ ಎತ್ತರದ ಕೊಂಬೆಯನ್ನ ಈಗ ಸಲೀಸಾಗಿ ಕತ್ತರಿಸಬಹುದು. ಮಡಚೋ ಗರಗಸ, ಉದ್ದ ಹಿಡಿಯ ಕತ್ತರಿ, ಒಂದು ಕೊಡಲಿ. ಕೊಂಬೆಯನ್ನ ಕಾಂಡಕ್ಕೆ ಹತ್ತಿರ, ಮೋಟು ಉಳಿಯದ ಹಾಗೆ ತೆಗೀಬೇಕು. ಮೋಟು ಉಳಿಸಿದ್ರೆ ಮುಂದೆ ಬರೋನ ಜಾಕೆಟ್ಟೋ ಕೆನ್ನೆಯೋ ಸಿಕ್ಕಿಹಾಕಿಕೊಳ್ಳುತ್ತೆ. ಸಣ್ಣ ಗಿಡಗಳನ್ನ ಹಿಮದ ಮಟ್ಟಕ್ಕೆ ಕಡಿಯೋ ಹಾಗಿಲ್ಲ, ಯಾಕೆಂದ್ರೆ ಮೇ ತಿಂಗಳಲ್ಲಿ ಹಿಮ ಕರಗಿದಾಗ ಸೊಂಟದೆತ್ತರದ ಚೂಪು ಗೂಟಗಳ ಸಾಲು ಎದ್ದು ನಿಲ್ಲುತ್ತೆ. ಅವನ್ನ ಗುರುತು ಹಾಕಿಟ್ಟು ಬೇಸಿಗೆ ತಂಡಕ್ಕೆ ಬಿಡ್ತೀವಿ. ಹಿಮದ ಭಾರಕ್ಕೆ ಕಮಾನಿನ ಹಾಗೆ ಬಗ್ಗಿರೋ ಎಳೇ ಬರ್ಚ್ ಮರ ಕಂಡ್ರೆ ಹೊಸಬರಿಗೆ ಗರಗಸ ಹಾಕೋ ಆಸೆ. ಬೇಡ. ಕೋಲಿನಿಂದ ಎರಡು ಏಟು ಕೊಟ್ಟು ಹಿಮ ಉದುರಿಸಿದ್ರೆ ಎಷ್ಟೋ ಸಲ ಅದೇ ಮೇಲೇಳುತ್ತೆ. ಅಡ್ಡ ಬಿದ್ದ ದೊಡ್ಡ ಮರದ ಅಡಿ ಸಿಕ್ಕಿಕೊಂಡು ಬಿಲ್ಲಿನ ಹಾಗೆ ಬಿಗಿದು ನಿಂತಿರೋ ಸಣ್ಣ ಮರ ಇರುತ್ತಲ್ಲ, ಅದರ ಹತ್ತಿರ ತರಬೇತಿ ಇಲ್ಲದವರನ್ನ ಬಿಡೋದೇ ಇಲ್ಲ. ತಪ್ಪು ಕಡೆ ಕುಯ್ದ್ರೆ ದವಡೆ ಮುರಿಯೋ ಹಾಗೆ ಚಿಮ್ಮುತ್ತೆ.

ಇದೆಲ್ಲಾ ಒಂದು ತೂಕ ಆದ್ರೆ, ಹಿಮವನ್ನ ಬರೀ ತುಳಿಯೋದೇ ಇನ್ನೊಂದು ತೂಕ. ಹೊಸ ಹಿಮ ಬಿದ್ದಾಗ ಮೊದಲು ಹೋಗೋನು ಪ್ರತಿ ಹೆಜ್ಜೆಗೂ ಮೊಣಕಾಲು ಎತ್ತಿ ಇಡಬೇಕು. ಐದು-ಹತ್ತು ನಿಮಿಷಕ್ಕೆ ಏದುಸಿರು ಬರುತ್ತೆ. ಆಗ ಅವನು ಪಕ್ಕಕ್ಕೆ ಸರಿದು ನಿಲ್ತಾನೆ, ಎರಡನೆಯವನು ಮುಂದೆ, ಮೊದಲಿನವನು ಸಾಲಿನ ಕೊನೆಗೆ. ಸಾಲಿನ ಕೊನೆಯಲ್ಲಿರೋನಿಗೆ ಎಂ.ಜಿ. ರೋಡು. ಹೀಗೆ ಸರದಿ ಮೇಲೆ ತುಳಿದು ತುಳಿದು ಹೋದ ಪಟ್ಟಿ ರಾತ್ರಿ ಚಳಿಗೆ ಗಟ್ಟಿಯಾಗುತ್ತೆ. ಮಾರನೇ ದಿನ ಬರೋರು ಅದರ ಮೇಲೆ ಆರಾಮಾಗಿ ನಡೀತಾರೆ. ವಸಂತದಲ್ಲಿ ಅಕ್ಕಪಕ್ಕದ ಹಿಮವೆಲ್ಲಾ ಕರಗಿದ ಮೇಲೂ ಈ ತುಳಿದ ಪಟ್ಟಿ ಮಾತ್ರ ಗೋಡೆಯ ಹಾಗೆ ಉದ್ದಕ್ಕೂ ಉಳಿದಿರುತ್ತೆ. ಇಲ್ಲಿಯವರು ಅದಕ್ಕೆ ಮಾನೋರೈಲು ಅಂತಾರೆ.

ಇಂಥ ಪಟ್ಟಿ ಮೇಲೆ ಬಿಸಿಲೇರಿ ಹಿಮ ಮೆತ್ತಗಾದ ಹೊತ್ತಿಗೆ ಒಬ್ಬ ಬರೀ ಬೂಟಲ್ಲಿ ಬರ್ತಾನೆ ನೋಡಿ. ಪ್ರತಿ ಹೆಜ್ಜೆಗೂ ಎರಡಡಿ ಆಳದ ಗುಂಡಿ. ರಾತ್ರಿ ಆ ಗುಂಡಿಗಳು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತೆ. ಮೇಲೆ ಒಂದಿಂಚು ಹೊಸ ಹಿಮ ಬಿದ್ರೆ ಕಾಣೋದೂ ಇಲ್ಲ. ಕಾಲು ಮುರಿಯೋಕೆ ಅದಕ್ಕಿಂತ ಒಳ್ಳೆ ಬಲೆ ಬೇಕಾ? ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಹೈ ಪೀಕ್ಸ್ ಪ್ರದೇಶದಲ್ಲಿ 8 ಇಂಚಿಗಿಂತ ಹೆಚ್ಚು ಹಿಮ ಇದ್ರೆ ಸ್ನೋಶೂ ಅಥವಾ ಸ್ಕೀ ಕಡ್ಡಾಯ, ಅದು ಕಾನೂನು. ವೈಟ್ ಮೌಂಟನ್ಸಲ್ಲಿ ಇರೋದು ಬರೀ ಮರ್ಯಾದೆ. ಮರ್ಯಾದೆ ನಮ್ಮವರಿಗೆ ಎಷ್ಟರಮಟ್ಟಿಗೆ ಅರ್ಥ ಆಗುತ್ತೆ ಅನ್ನೋದಕ್ಕೆ ನಮ್ಮದೇ ಗುಂಪಿನ ಫೋಟೋಗಳಲ್ಲಿ ಸಾಕ್ಷಿ ಇದೆ. ಶಿಖರದ ಮೇಲೆ ಹನ್ನೆರಡು ಜನ, ಬಾವುಟ, ಕನ್ನಡ ಶಾಲು, ಸ್ನೋಶೂ ಮಾತ್ರ ಮೂರು ಜೋಡಿ. ಶಾಲು ಹೊದ್ದುಕೊಂಡು ಕನ್ನಡದ ಮಾನ ಉಳಿಸಿದ್ವಿ, ಹಿಂದೆ ಒಂಬತ್ತು ಜನರ ಗುಂಡಿ ಬಿಟ್ಟು ಬಂದ್ವಿ.

ಈಗ ಸೇವೆ ವಿಷಯಕ್ಕೆ ಬರ್ತೀನಿ.

ನಮ್ಮೂರು ತೀರ್ಥಹಳ್ಳಿ ಕಡೆ. ಅಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳ್ತೀನಿ. ನಾಟಿ ದಿನ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ನಾಲ್ಕು ಜನ ಬಂದ್ರೆ, ನಿಮ್ಮ ನಾಟಿಗೆ ನಮ್ಮ ಮನೆಯಿಂದ ನಾಲ್ಕು ಜನ ಹೋಗಬೇಕು. ದುಡ್ಡಿಲ್ಲ, ಕಾಗದ ಇಲ್ಲ, ಆದರೆ ಲೆಕ್ಕ ಪಕ್ಕಾ. ಮುಯ್ಯಿ ತೀರಿಸದವನ ಗದ್ದೆಗೆ ಮುಂದಿನ ವರ್ಷ ಯಾರೂ ಬರಲ್ಲ. ಹಾಗೆಯೇ ಮಳೆಗಾಲ ಹಿಡಿಯೋಕೆ ಮುಂಚೆ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ ಹಾಕೋದು, ದಾರಿ ಬದಿಯ ಜಿಗ್ಗು ಸವರೋದು. ಸಂಕ ಹಾಕಿದ ದಿನ ಯಾರೂ ಯಾರಿಗೂ "ಗ್ರೇಟ್ ಸೇವೆ" ಅಂತ ಹೇಳಿದ್ದು ನಾನಂತೂ ಕೇಳಿಲ್ಲ. ಹಾಕದಿದ್ರೆ ಮಕ್ಕಳು ಶಾಲೆಗೆ ಹೋಗಲ್ಲ, ಡೈರಿಗೆ ಹಾಲು ಹೋಗಲ್ಲ, ಅಷ್ಟೆ. ಹಾಕೋಕೆ ಬರದವನ ಮನೆಗೆ ಹೋಗಿ "ಎಂತಾ ಮಾರಾಯ, ನಿಂಗೆ ಹಳ್ಳ ದಾಟೂಕಿಲ್ವಾ?" ಅಂತ ಕೇಳ್ತಿದ್ರು.

ಸೇವೆ ಅಂದ ತಕ್ಷಣ ಮಾಡಿದವನು ದೊಡ್ಡವನಾಗ್ತಾನೆ, ಮಾಡದವನಿಗೆ ಯಾವ ಬಾಕಿಯೂ ಇರಲ್ಲ. ಅದಕ್ಕೇ ನಮ್ಮವರಿಗೆ ಆ ಪದ ಅಷ್ಟು ಇಷ್ಟ. ಕೈಮುಗಿಯೋ ಚಿತ್ರ ಒತ್ತಿದ್ರೆ ಲೆಕ್ಕ ಚುಕ್ತಾ. ನಾನು ಹೇಳ್ತಿರೋದು ಬಾಕಿ ಇದೆ ಅಂತ. ಈ ಗುಂಪಿನಲ್ಲಿ 48 ಶಿಖರದ ಪಟ್ಟಿ ಇಟ್ಕೊಂಡು ಟಿಕ್ ಹಾಕ್ತಾ ಇರೋರು ಎಷ್ಟು ಜನ! ನಾಲ್ಕು ಸಾವಿರ ಅಡಿಗಿಂತ ಎತ್ತರದ ನ್ಯೂ ಹ್ಯಾಂಪ್‌ಶೈರಿನ 48 ಬೆಟ್ಟಗಳು, ಅದರಲ್ಲೂ ಚಳಿಗಾಲದಲ್ಲೇ ಹತ್ತಿದ್ರೆ ಬೇರೆ ಗೌರವ. ಹತ್ತಲಿ, ನಾನೂ ಹತ್ತೋನೇ. ಆದರೆ ಬೆಳಗ್ಗೆ ಹತ್ತು ಗಂಟೆಗೆ ಪಾರ್ಕಿಂಗಲ್ಲಿ ಇಳಿದು ಗಟ್ಟಿ ಪಟ್ಟಿ ಮೇಲೆ ನಡ್ಕೊಂಡು ಹೋಗಿ "ಚಳಿಗಾಲದ ಶಿಖರ ಗೆದ್ದೆ" ಅಂತ ಹಾಕೋವಾಗ, ಹಿಂದಿನ ದಿನ ಕತ್ತಲಲ್ಲೇ ಬಂದು ತುಳಿದವನ ಮುಯ್ಯಿ ನಿಮ್ಮ ತಲೆ ಮೇಲಿದೆ. ಅವನು ಯಾರು ಅಂತ ಗೊತ್ತಿಲ್ಲ, ವಾಪಸ್ ಕೊಡೋಕೆ ಆಗಲ್ಲ. ಇನ್ನೊಬ್ಬನಿಗೆ ಕೊಡಬಹುದಲ್ಲ.

ಇದು ನಿನ್ನೆ ಮೊನ್ನೆಯ ಬಾಕಿಯೂ ಅಲ್ಲ. ಮೌಂಟ್ ವಾಷಿಂಗ್ಟನ್ ಕಡೆ ಹೋಗೋ ಕ್ರಾಫರ್ಡ್ ಪಾತ್ ಅನ್ನೋ ದಾರಿಯನ್ನ 1819ರಲ್ಲಿ ಏಬಲ್ ಕ್ರಾಫರ್ಡ್ ಮತ್ತು ಅವನ ಮಗ ಈಥನ್ ಕಡಿದದ್ದು. ಅಮೆರಿಕದಲ್ಲಿ ನಿರಂತರವಾಗಿ ದುರಸ್ತಿಯಲ್ಲಿರೋ ಅತ್ಯಂತ ಹಳೆಯ ಚಾರಣದ ದಾರಿ ಅಂತ ಅದಕ್ಕೆ ಹೆಸರು. ನಿರಂತರವಾಗಿ ಅನ್ನೋ ಪದವನ್ನ ಗಮನಿಸಿ. ಇನ್ನೂರು ವರ್ಷದಲ್ಲಿ 1938ರ ಚಂಡಮಾರುತ ಬಂದು ನ್ಯೂ ಇಂಗ್ಲೆಂಡಿನ ಕಾಡನ್ನೇ ಮಲಗಿಸಿತು, 1998ರ ಜನವರಿಯಲ್ಲಿ ಐಸ್ ಸ್ಟಾರ್ಮ್ ಬಂದು ಮರಗಳ ತಲೆ ಮುರೀತು. ಪ್ರತಿ ಸಲ ಯಾರೋ ಗರಗಸ ಹಿಡ್ಕೊಂಡು ಹೋಗಿದ್ದಾರೆ. ಅಪಲಾಚಿಯನ್ ಮೌಂಟನ್ ಕ್ಲಬ್ ಇಲ್ಲಿ 1876ರಿಂದ ಇದೆ. ದಾರಿ ಅನ್ನೋದು ಬೆಟ್ಟದ ಮೇಲೆ ತಾನಾಗೇ ಬೆಳೆದ ವಸ್ತು ಅಂತ ನಾವು ಅಂದ್ಕೊಂಡಿರ್ತೀವಿ. ಎರಡು ವರ್ಷ ಬಿಟ್ಟು ನೋಡಿ, ಕಾಡು ಅದನ್ನ ನುಂಗಿ ನೀರು ಕುಡೀತದೆ.

ನಾವೆಲ್ಲಾ ಸಾಫ್ಟ್‌ವೇರಿನವರು, ನಮಗೆ ಇದು ಇನ್ನೂ ಚೆನ್ನಾಗಿ ಅರ್ಥ ಆಗಬೇಕು. ಹೊಸ ಫೀಚರ್ ಬರೆದವನಿಗೆ ಪ್ರಮೋಶನ್, ಹಳೇ ಕೋಡಿನ ಬಗ್ ತಿದ್ದಿದವನಿಗೆ ಅಪ್ರೈಸಲಲ್ಲಿ "ನಿರೀಕ್ಷೆಗೆ ತಕ್ಕಂತೆ". 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ತೂತು ಬಿದ್ದಾಗ ಅರ್ಧ ಜಗತ್ತಿನ ಸರ್ವರುಗಳು ಒಂದಷ್ಟು ವಾಲಂಟಿಯರುಗಳ ಬಿಡುವಿನ ಸಮಯದ ಮೇಲೆ ನಿಂತಿವೆ ಅಂತ ಎಲ್ಲರಿಗೂ ಜ್ಞಾನೋದಯ ಆಯ್ತು. ಒಂದು ತಿಂಗಳು ಎಲ್ಲರೂ ಮಾತಾಡಿದ್ವಿ. ಆಮೇಲೆ ಮರೆತ್ವಿ.

"ಟ್ಯಾಕ್ಸ್ ಕಟ್ತೀವಲ್ಲ, ಸರ್ಕಾರ ಮಾಡಲಿ" ಅನ್ನೋರಿಗೆ ಮಾತ್ರ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು, ಯಾಕೆಂದ್ರೆ ಆ ಮಾತಿನಲ್ಲಿ ತೂಕ ಇದೆ. ಕೊಡೋ ಸಂಬಳ ತಪ್ಪಿಸೋಕೆ ವಾಲಂಟಿಯರನ್ನ ಬಳಸಿಕೊಳ್ತಾರೆ ಅನ್ನೋದು ಸುಳ್ಳಲ್ಲ. ಅಮೆರಿಕದ ಅರಣ್ಯ ಸೇವೆಯ ಕೈಯಲ್ಲಿ 1,58,000 ಮೈಲಿ ದಾರಿ ಇತ್ತು, 2012ರಲ್ಲಿ ಅದರ ಕಾಲುಭಾಗ ಮಾತ್ರ ಇಲಾಖೆಯ ಸ್ವಂತ ಮಾನದಂಡಕ್ಕೆ ತಕ್ಕ ಹಾಗಿತ್ತು, ಬಾಕಿ ಬಿದ್ದ ದುರಸ್ತಿಯ ಖರ್ಚು 31 ಕೋಟಿ 40 ಲಕ್ಷ ಡಾಲರ್ ಅಂತ ಇಲ್ಲಿನ ಸಂಸತ್ತಿನ ಲೆಕ್ಕಪರಿಶೋಧಕರು 2013ರಲ್ಲಿ ವರದಿ ಕೊಟ್ರು. ಅದಕ್ಕೆ 2016ರಲ್ಲಿ ಕಾನೂನು ಬಂತು. ಏನಂತ? ವಾಲಂಟಿಯರ್ ಕೆಲಸವನ್ನ ಎರಡು ಪಟ್ಟು ಮಾಡಬೇಕು ಅಂತ! ದುಡ್ಡು ಎಲ್ಲಿ ಹೋಗ್ತಿತ್ತು ಅಂದ್ರೆ ಬೆಂಕಿಗೆ. 1995ರಲ್ಲಿ ಇಲಾಖೆಯ ಬಜೆಟ್ಟಿನ 16 ಪರ್ಸೆಂಟ್ ಕಾಡ್ಗಿಚ್ಚಿಗೆ ಹೋಗ್ತಿದ್ದದ್ದು 2015ಕ್ಕೆ ಅರ್ಧ ದಾಟಿತ್ತು.

ಹಾಗಾದ್ರೆ ಕೈಕಟ್ಟಿ ಕೂತ್ರೆ ಸರ್ಕಾರಕ್ಕೆ ನಾಚಿಕೆ ಆಗಿ ಆಳು ಕಳಿಸುತ್ತಾ? 2025ರ ಫೆಬ್ರವರಿಯಲ್ಲಿ ಪ್ರೊಬೇಷನ್ನಲ್ಲಿದ್ದ ಅರಣ್ಯ ಸೇವೆ ನೌಕರರನ್ನ ಸಾವಿರಗಟ್ಟಲೆ ಮನೆಗೆ ಕಳಿಸಿದ್ರು. ಮಾರ್ಚಿನಲ್ಲಿ ವಾಪಸ್ ತಗೋಬೇಕು ಅಂತ ಆದೇಶ ಬಂತು. ಆಗ ಮೊದಲು ಕಿರುಚಿದವರು ಯಾರು ಅಂದ್ಕೊಂಡ್ರಿ? ಮನೆಯಲ್ಲಿ ಕೂತು ಟ್ಯಾಕ್ಸ್ ಲೆಕ್ಕ ಹೇಳೋರಲ್ಲ. ನಮ್ಮ ತಂಡದ ಅರವತ್ತು ದಾಟಿದ ಅಜ್ಜಂದಿರು, ಅಜ್ಜಿಯರು. ಯಾಕೆಂದ್ರೆ ರೇಂಜರ್ ಇಲ್ಲದೆ ನಾವು ಒಂದು ಕೊಂಬೆಯನ್ನೂ ಮುಟ್ಟೋ ಹಾಗಿಲ್ಲ. ಎಲ್ಲಿ ಕಡೀಬೇಕು, ಎಷ್ಟು ಕಡೀಬೇಕು ಅನ್ನೋ ಅನುಮತಿ ಅವರದ್ದು. ದೊಡ್ಡ ಮರ ಕುಯ್ಯೋಕೆ ತರಬೇತಿ, ಸರ್ಟಿಫಿಕೇಟ್ ಬೇಕು. ಪೆಮಿಗೆವಾಸೆಟ್ ಥರದ ವೈಲ್ಡರ್ನೆಸ್ ಪ್ರದೇಶದಲ್ಲಿ 1964ರ ಕಾನೂನಿನ ಪ್ರಕಾರ ಯಂತ್ರದ ಗರಗಸ ನಿಷಿದ್ಧ, ಇಬ್ಬರು ಎಳೆಯೋ ಉದ್ದ ಗರಗಸವೇ ಗತಿ. ಅದನ್ನ ಕಲಿಸೋಕೂ ಸಂಬಳದವರು ಬೇಕು. ವಾಲಂಟಿಯರ್ ಅನ್ನೋನು ರೇಂಜರಿಗೆ ಬದಲಿ ಅಲ್ಲ, ಅವನಿಗೆ ರೇಂಜರ್ ಬೇಕೇ ಬೇಕು. ಸರ್ಕಾರಕ್ಕೆ ಬೈಯೋ ಹಕ್ಕು ಕೂಡಾ ಆ ದಾರಿ ಯಾವ ಸ್ಥಿತಿಯಲ್ಲಿದೆ ಅಂತ ಕಣ್ಣಾರೆ ಕಂಡವನ ಬಾಯಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತೆ. ನನಗಂತೂ ಇಲ್ಲಿ ಓಟಿಲ್ಲ, ಗರಗಸ ಇದೆ.

ಓಟಿಲ್ಲ ಅಂದ ತಕ್ಷಣ ವೀಸಾ ವಿಷಯ ಬರುತ್ತೆ. "ಎಚ್-1ಬಿಯಲ್ಲಿ ಬೇರೆ ಕೆಲಸ ಮಾಡೋ ಹಾಗಿಲ್ಲ ಗೊತ್ತಾ?" ಗೊತ್ತು ಸ್ವಾಮಿ. ಬೇರೆ ಕಡೆ ಸಂಬಳದ ಕೆಲಸ ಮಾಡೋ ಹಾಗಿಲ್ಲ. ಎಲ್ಲರೂ ಪುಕ್ಕಟೆ ಮಾಡೋ ಕೆಲಸವನ್ನ ಲಾಭದ ಉದ್ದೇಶ ಇಲ್ಲದ ಸಂಸ್ಥೆಗೆ ಪುಕ್ಕಟೆ ಮಾಡೋದು ಉದ್ಯೋಗ ಅಲ್ಲ. ಅನುಮಾನ ಇದ್ರೆ ನಿಮ್ಮ ವಕೀಲರನ್ನ ಕೇಳಿ, ಗ್ರೀನ್ ಕಾರ್ಡಿಗೆ ದಿನಾ ಕೇಳ್ತಾನೇ ಇರ್ತೀರಲ್ಲ. ದೀಪಾವಳಿ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸೋವಾಗ, ಬಿಸಿಬೇಳೆಬಾತ್ ಬಡಿಸೋವಾಗ ಈ ವೀಸಾ ಯಾರಿಗೂ ನೆನಪಾಗಿದ್ದು ನಾ ಕಾಣೆ.

ಇನ್ನು ಕಂಪನಿಗಳ ವಾಲಂಟಿಯರ್ ದಿನ. ಹೆಸರು ಬೇಡ, ಎಲ್ಲಾ ಕಂಪನಿಯದ್ದೂ ಒಂದೇ ಕಥೆ. ಅಕ್ಟೋಬರಿನಲ್ಲಿ, ಎಲೆ ಕೆಂಪಾದಾಗ, ಬಿಸಿಲಿದ್ದಾಗ. ಒಂದೇ ಬಣ್ಣದ ಟೀ ಶರ್ಟು, ಮೂವತ್ತು ಜನಕ್ಕೆ ಆರು ಗುದ್ದಲಿ, ಒಂದು ಫೋಟೋಗ್ರಾಫರು, ಪಿಜ್ಜಾ. ನಮ್ಮೂರ ಕಡೆ ಮಂತ್ರಿಗಳು ಪೊರಕೆ ಹಿಡ್ಕೊಂಡು ಮಾಡೋ ಶ್ರಮದಾನದ ತಮ್ಮ ಇದು. ಫೆಬ್ರವರಿಯಲ್ಲಿ ಮೈನಸ್ ಹದಿನೈದು ಇದ್ದಾಗ ಟೀ ಶರ್ಟು ಜಾಕೆಟ್ಟಿನ ಒಳಗೆ ಇರುತ್ತೆ, ಲೋಗೋ ಕಾಣಲ್ಲ, ಹಾಗಾಗಿ ಯಾರೂ ಬರಲ್ಲ.

"ಅಷ್ಟು ಉತ್ಸಾಹ ಇದ್ರೆ ಊರಲ್ಲಿ ಮಾಡು" ಅನ್ನೋ ದೇಶಭಕ್ತರಿಗೂ ಒಂದು ಮಾತು. ಒಪ್ಪಿದೆ. 2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಜಾತ್ರೆ ಥರ ಜನ ಸೇರಿದ ವಿಡಿಯೋ ನೀವೇ ಈ ಗುಂಪಿಗೆ ಹಾಕಿದ್ರಿ. ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂತು. ಅಲ್ಲಿ ಹೋದ ಸಾವಿರಾರು ಜನರಲ್ಲಿ ಭಟ್ಟರ ಮನೆ ಊಟದ ಬಗ್ಗೆ ಬರೆದವರು ನೂರಾರು, ಆ ದಾರಿಯನ್ನ ಯಾರು ಸವರ್ತಾರೆ ಅಂತ ಕೇಳಿದವರು ಎಷ್ಟು? ದಾರಿ ನೋಡಿಕೊಳ್ಳೋದು ಬೇರೆಯವರ ಕೆಲಸ ಅನ್ನೋ ಬುದ್ಧಿ ವಿಮಾನದಲ್ಲಿ ನಮ್ಮ ಜೊತೆಗೇ ಬಂದಿದೆ. ಇಲ್ಲಿ ಕಲಿತದ್ದು ಅಲ್ಲಿಗೂ ಆಗುತ್ತೆ.

ಪ್ರಾಣಕ್ಕೆ ಅಪಾಯ ಅಲ್ವಾ ಅಂತ ಕೇಳೋರಿಗೆ: ಅಪಾಯ ಇದೆ, ಕಾರಲ್ಲಿ ಹೋಗೋದಕ್ಕೂ ಇದೆ. ನ್ಯೂ ಹ್ಯಾಂಪ್‌ಶೈರಿನಲ್ಲಿ ಬೇಜವಾಬ್ದಾರಿಯಿಂದ ಸಿಕ್ಕಿಹಾಕಿಕೊಂಡ್ರೆ ರಕ್ಷಣೆಯ ಖರ್ಚನ್ನ ನಿಮ್ಮಿಂದಲೇ ವಸೂಲು ಮಾಡಬಹುದು. 25 ಡಾಲರಿಗೆ ಹೈಕ್ ಸೇಫ್ ಕಾರ್ಡ್ ಸಿಗುತ್ತೆ, ಆ ದುಡ್ಡು ಹುಡುಕಾಟ ಮತ್ತು ರಕ್ಷಣೆಗೇ ಹೋಗುತ್ತೆ. ಅದನ್ನಾದ್ರೂ ತಗೊಳ್ಳಿ. ಮಧ್ಯರಾತ್ರಿ ನಿಮ್ಮನ್ನ ಸ್ಟ್ರೆಚರಲ್ಲಿ ಹೊತ್ತು ತರೋ ಜನರಲ್ಲಿ ಬಹಳಷ್ಟು ಮಂದಿ ಮತ್ತೆ ವಾಲಂಟಿಯರುಗಳೇ. ಅವರು ಸ್ನೋಶೂ ಹಾಕ್ಕೊಂಡು ಬರೋದೂ ಇದೇ ದಾರಿಯಲ್ಲೇ, ಅದರಲ್ಲಿ ನಿಮ್ಮ ಗುಂಡಿಗಳೂ ಇರ್ತವೆ.

ಸರಿ, ಬೈದದ್ದು ಸಾಕು. ಮುಂದಿನ ಶನಿವಾರ ಮತ್ತೆ ಹೊರಡ್ತಿದ್ದೀವಿ. ಕೊಂಬೆ ಸವರೋದು, ಅಡ್ಡ ಬಿದ್ದ ಮರ ಎಳೆಯೋದು. ಹೊಸಬರಿಗೆ ಕೊಡೋದು ಕತ್ತರಿ ಮತ್ತು ಕೊಂಬೆ ಎಳೆಯೋ ಕೆಲಸ, ಗರಗಸ ಆಮೇಲೆ. ಬೆಳಗ್ಗೆ ಐದಕ್ಕೆ ನಮ್ಮ ಮನೆಯಿಂದ, ಕಾರಲ್ಲಿ ಎರಡು ಸೀಟು ಖಾಲಿ. ಸ್ನೋಶೂ ಇಲ್ಲದಿದ್ರೆ ಬಾಡಿಗೆಗೆ ಸಿಗುತ್ತೆ, ಹಿಂದಿನ ದಿನವೇ ತಗೊಂಡಿರಿ. ಜೀನ್ಸ್, ಹತ್ತಿ ಬನಿಯನ್ ಬೇಡ, ಬೆವರು ಹೀರಿಕೊಂಡು ನಿಂತಲ್ಲೇ ಮಂಜುಗಡ್ಡೆ ಆಗುತ್ತೆ. ಎರಡು ಜೊತೆ ಕೈಗವಸು. ನೀರಿನ ಬಾಟಲಿ ತಲೆಕೆಳಗೆ ಇಡಿ, ನೀರು ಮೇಲಿನಿಂದ ಹೆಪ್ಪುಗಟ್ಟುತ್ತೆ, ಮುಚ್ಚಳ ಉಳಿಯುತ್ತೆ. ಎನರ್ಜಿ ಬಾರ್ ತರಬೇಡಿ, ಆ ಚಳಿಗೆ ಕಲ್ಲಾಗುತ್ತೆ, ಹಲ್ಲು ಹೋಗುತ್ತೆ. ಕಡಲೆಕಾಯಿ ಚಿಕ್ಕಿ, ಕೋಡುಬಳೆ ನಾನು ತರ್ತೀನಿ.